ಹಿಲ್ಲೂರು ಗದ್ದೆಯ ಎರಡು ಬರ್ಖೋಲ್ಡೇರಿಯಾ

ಕೊರೊನಾ ಕಾಲ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದವು. ನಾನು ಆಗ ಕಾರವಾರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ವಿಭಾಗ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಹಳೆಯ ಪಿಸಿಆರ್ ಯಂತ್ರ, ಉಪ್ಪುಗಾಳಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿಯುತ್ತವೆಂದು ಸದಾ ಮುಚ್ಚಿಯೇ ಇರುತ್ತಿದ್ದ ಕಿಟಕಿಗಳು. ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದವಳು ರೋಹಿಣಿ. ಮದುವೆಯಾಗಿ ಮಗುವಾದ ಮೇಲೆ ಮತ್ತೆ ಓದಲು ಬಂದ ಹುಡುಗಿ, ಕೆಲಸದಲ್ಲಿ ಬಲು ಗಟ್ಟಿ.

ನಮ್ಮ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದದ್ದು ಇಷ್ಟೇ: ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಹಿಂದೆ ಕೊಟ್ಟ ಹೆಸರು ಸರಿಯಿದೆಯೇ ಎಂದು ಮತ್ತೊಮ್ಮೆ ನೋಡುವುದು. ಕೇಳಿದವರು ಸಾಮಾನ್ಯವಾಗಿ ಅಲ್ಲಿಗೇ ಮಾತು ನಿಲ್ಲಿಸಿ ಮೀನಿನ ಪೇಟೆಯ ವಿಷಯಕ್ಕೆ ಹೋಗುತ್ತಿದ್ದರು. ತಪ್ಪೇನಿಲ್ಲ. ಹೊರಗಿನವರಿಗೆ ಅದು ಹೆಸರು ಅಳಿಸಿ ಹೆಸರು ಬರೆಯುವ ಕೆಲಸದಂತೆ ಕಾಣುತ್ತದೆ. ಹಿಂದಿನ ಕಾಲದಲ್ಲಿ ಬ್ಯಾಕ್ಟೀರಿಯಾಗಳನ್ನು ಗುಂಪು ಮಾಡುತ್ತಿದ್ದದ್ದು ಅವುಗಳ ಆಕಾರ ನೋಡಿ, ಬಣ್ಣ ಹಚ್ಚಿದಾಗ ಹೇಗೆ ಕಾಣುತ್ತವೆಂದು ನೋಡಿ, ಯಾವ ಸಕ್ಕರೆಯನ್ನು ಕರಗಿಸಿ ತಿನ್ನುತ್ತವೆಂದು ನೋಡಿ. ಆದರೆ ಒಂದೇ ರೀತಿ ಕಾಣುವ, ಒಂದೇ ಆಹಾರ ತಿನ್ನುವ ಎರಡು ಬ್ಯಾಕ್ಟೀರಿಯಾಗಳು ಬೇರೆ ಬೇರೆ ವಂಶದವು ಆಗಿರಬಹುದು. ಅದನ್ನು ತಿಳಿಯಲು ಈಗ ಜೀನ್ ಓದುತ್ತೇವೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಒಂದು ಜೀನ್ ಇದೆ. ಸುಮಾರು ಒಂದೂವರೆ ಸಾವಿರ ಅಕ್ಷರಗಳಷ್ಟು ಉದ್ದ. ಅದು ಬಹಳ ನಿಧಾನವಾಗಿ ಬದಲಾಗುತ್ತದೆ. ಎರಡು ಜೀವಿಗಳ ಈ ಜೀನನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ, ಅವು ಎಷ್ಟು ಹತ್ತಿರದ ಸಂಬಂಧಿಗಳೆಂದು ತಿಳಿಯುತ್ತದೆ. ತೀರ ಹತ್ತಿರದವಾದರೆ ಇದೊಂದೇ ಸಾಲದು, ಬೇರೆ ಜೀನ್‌ಗಳನ್ನೂ ಓದಬೇಕು.

ದೇವಬಾಗದ ಮರಳು, ನನ್ನ ತವರು ಅಮದಳ್ಳಿಯ ಗೇರುಗುಡ್ಡದ ಜಂಬಿಟ್ಟಿಗೆ ಮಣ್ಣು, ಹಿಲ್ಲೂರಿನ ಗದ್ದೆಮಣ್ಣು, ಹೀಗೆ ಕಾರವಾರ-ಅಂಕೋಲೆಯ ಹಲವು ಕಡೆಯಿಂದ ತಂದ ಬ್ಯಾಕ್ಟೀರಿಯಾಗಳು ನಮ್ಮ ಫ್ರೀಜರಿನಲ್ಲಿದ್ದವು. ಅವುಗಳಲ್ಲಿ ಹೆಚ್ಚಿನವು ಬರ್ಖೋಲ್ಡೇರಿಯಾ ಎಂಬ ಕುಲಕ್ಕೆ ಸೇರಿದವು ಎಂದು ಹಿಂದೆ ಗುರುತಿಸಿದ್ದೆವು. ಈ ಕುಲ ಬಲು ದೊಡ್ಡದು. ಅದರಲ್ಲಿ ಗಿಡದ ಬೇರಿಗೆ ಅಂಟಿಕೊಂಡು ಮಣ್ಣಿನ ರಂಜಕವನ್ನು ಕರಗಿಸಿಕೊಡುವ ಸಾಧುಗಳೂ ಇದ್ದವು, ಮನುಷ್ಯನನ್ನು ಕೊಲ್ಲಬಲ್ಲ ಘಾತುಕಗಳೂ ಇದ್ದವು. ಜೀನ್ ಓದುವುದು ಸುಲಭವಾದ ಮೇಲೆ ವಿಜ್ಞಾನಿಗಳು ಈ ಕುಲವನ್ನು ಒಡೆದರು. ರೋಗ ತರುವವು ಹಳೆಯ ಹೆಸರಿನಲ್ಲೇ ಉಳಿದವು. ಮಣ್ಣು ಮತ್ತು ಗಿಡಗಳ ಜೊತೆ ಬದುಕುವ ಬಹಳಷ್ಟಕ್ಕೆ ಪ್ಯಾರಾಬರ್ಖೋಲ್ಡೇರಿಯಾ ಎಂಬ ಹೊಸ ಹೆಸರು ಬಂತು. ಆದರೆ ಮಣ್ಣಿನಿಂದ ಬಂತು ಎಂಬ ಒಂದೇ ಕಾರಣಕ್ಕೆ ಹೊಸ ಗುಂಪಿಗೆ ಸೇರಿಸುವಂತಿಲ್ಲ. ಪ್ರತಿಯೊಂದರ ಜೀನ್ ಓದಿಯೇ ಹೇಳಬೇಕು. ನಾವು ಮಾಡುತ್ತಿದ್ದದ್ದು ಆ ಕೆಲಸ. ಹಣ ಬಂದಷ್ಟು ಮಾದರಿಗಳನ್ನು ಹೊರಗಿನ ಲ್ಯಾಬಿಗೆ ಕಳಿಸುತ್ತ, ಒಂದೊಂದಾಗಿ ಮುಗಿಸುತ್ತ ಬಂದಿದ್ದೆವು.

ಹಿಲ್ಲೂರಿನ ಗದ್ದೆಯಿಂದ ಬಂದ ಒಂದು ತಳಿಯ ಸರದಿ ಇನ್ನೂ ಬಂದಿರಲಿಲ್ಲ. ಅದು ನಮ್ಮಲ್ಲೇ ಬಹಳ ಹೆಸರಾದ ತಳಿ. ಭತ್ತದ ಅಗೆಯ ಬೇರನ್ನು ಅದರ ದ್ರಾವಣದಲ್ಲಿ ಅದ್ದಿ ನಾಟಿ ಮಾಡಿದರೆ ಬೇರು ಚೆನ್ನಾಗಿ ಕವಲೊಡೆಯುತ್ತಿತ್ತು, ಗೊಬ್ಬರ ಕಡಿಮೆ ಸಾಕಾಗುತ್ತಿತ್ತು. ಹಿಲ್ಲೂರಿನ ಮಹಿಳಾ ಸಂಘದವರು ನಮ್ಮಿಂದ ಬಾಟಲಿಗಳನ್ನು ಒಯ್ದು ತಮ್ಮ ತಮ್ಮ ಗದ್ದೆಗಳಲ್ಲಿ ಬಳಸಿ ನೋಡುತ್ತಿದ್ದರು. ಬಾಟಲಿಯ ಮೇಲೆ ಆಗ ಇದ್ದ ಹೆಸರು ಬರ್ಖೋಲ್ಡೇರಿಯಾ. ಹೊಸ ಹೆಸರಿಡಲು ಬೇಕಾದ ಪುರಾವೆ ಇನ್ನೂ ನಮ್ಮ ಕೈಯಲ್ಲಿರಲಿಲ್ಲ.

ಆ ಮಳೆಗಾಲ ಜೋರಾಗಿತ್ತು. ಗಂಗಾವಳಿ ಉಕ್ಕಿ ಹಿಲ್ಲೂರಿನ ತಗ್ಗಿನ ಗದ್ದೆಗಳಿಗೆಲ್ಲ ನೀರು ನುಗ್ಗಿ, ಇಳಿಯುವಾಗ ಕೆಸರು ಬಿಟ್ಟು ಹೋಗಿತ್ತು. ಮಳೆ ಸ್ವಲ್ಪ ಹೊಳವಾದ ಒಂದು ದಿನ, ನಾನು ತರಗತಿ ಮುಗಿಸಿ ಬರುವಾಗ ಫೋನ್ ಬಂತು. ಕಾರವಾರದ ಒಂದು ಆಸ್ಪತ್ರೆಯ ವೈದ್ಯರು, ಹೆಸರು ಡಾಕ್ಟರ್ ಪ್ರಸನ್ನ. ನನಗೆ ಪರಿಚಯವಿಲ್ಲದವರು.

"ಮೇಡಂ, ಹಿಲ್ಲೂರಿನ ಪೇಷೆಂಟ್ ಒಬ್ರು ಇದ್ದಾರೆ. ಹಮ್ಮು ಗೌಡ ಅಂತ. ಜ್ವರ ಇಳೀತಿಲ್ಲ, ಎದೆಯಲ್ಲಿ ಕಫ ತುಂಬಿದೆ, ಲಿವರಿನಲ್ಲಿ ಕೀವು ಕಾಣಿಸ್ತಿದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ನಮ್ಮ ಯಂತ್ರ ಅದನ್ನ ಬರ್ಖೋಲ್ಡೇರಿಯಾ ಅಂತ ತೋರಿಸ್ತಿದೆ," ಎಂದರು. ಮತ್ತೆ, "ಇವರ ಮನೆಯವರು ಗದ್ದೆಗೆ ಹಾಕಿದ ಒಂದು ಬಾಟಲಿ ತೋರಿಸಿದ್ರು. ಅದರ ಮೇಲೂ ಅದೇ ಹೆಸರಿದೆ. ನಿಮ್ಮ ಕಾಲೇಜಿನದು. ಒಮ್ಮೆ ಬರ್ತೀರಾ?" ಎಂದು ಕೇಳಿದರು.

ಆ ತಳಿಯನ್ನು ಹೊರಗೆ ಕೊಡುವ ಮೊದಲು ಅಗತ್ಯವಾದ ಪರೀಕ್ಷೆಗಳನ್ನೆಲ್ಲ ಮಾಡಿದ್ದೆವು, ಒಪ್ಪಿಗೆ ಪಡೆದಿದ್ದೆವು. ಆದರೂ ಆಸ್ಪತ್ರೆಯ ಹಾಸಿಗೆಯಲ್ಲಿ ಒಬ್ಬ ಮನುಷ್ಯ ಮಲಗಿರುವಾಗ ಪರೀಕ್ಷೆಗಳ ಮಾತು ಧೈರ್ಯ ಕೊಡುವುದಿಲ್ಲ. ರೋಹಿಣಿಯನ್ನು ಕರೆದುಕೊಂಡು ಆಟೋ ಹತ್ತಿದೆ.

ಡಾಕ್ಟರ್ ಪ್ರಸನ್ನ ಅಂಕೋಲೆ ಕಡೆಯವರೇ, ಇನ್ನೂ ನಲವತ್ತು ದಾಟದವರು. ನಮ್ಮನ್ನು ಕೂರಿಸಿ, ದೂರುವ ದನಿಯೇ ಇಲ್ಲದೆ ಎಲ್ಲವನ್ನೂ ವಿವರಿಸಿದರು. ಅದಕ್ಕಾಗಿ ಇಂದಿಗೂ ಅವರಿಗೆ ಋಣಿ. ಯಂತ್ರ ಕೊಟ್ಟ ಹೆಸರಿನ ಎರಡನೇ ಭಾಗದ ಬಗ್ಗೆ, ಅಂದರೆ ಕುಲದೊಳಗೆ ಯಾವ ಪ್ರಭೇದ ಎಂಬುದರ ಬಗ್ಗೆ, ಅವರಿಗೆ ಅನುಮಾನವಿತ್ತು. ಈ ಗುಂಪಿನಲ್ಲಿ ಒಂದನ್ನು ಇನ್ನೊಂದೆಂದು ಯಂತ್ರಗಳು ತಪ್ಪಾಗಿ ಓದುವುದುಂಟು. ಅವರ ಮನಸ್ಸಿನಲ್ಲಿದ್ದದ್ದು ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ. ಮಳೆಗಾಲದಲ್ಲಿ, ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಬರುವ ಸೋಂಕು. ಕ್ಷಯದಂತೆಯೋ ನ್ಯುಮೋನಿಯಾದಂತೆಯೋ ಕಾಣಿಸಿಕೊಂಡು ವೈದ್ಯರ ದಾರಿ ತಪ್ಪಿಸುತ್ತದೆ. ಅದನ್ನು ತರುವುದು ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿ ಎಂಬ ಮಣ್ಣಿನ ಬ್ಯಾಕ್ಟೀರಿಯಾ.

"ಅನುಮಾನದ ಮೇಲೆ ದೊಡ್ಡ ಇಂಜೆಕ್ಷನ್ ಶುರು ಮಾಡಿದ್ದೇನೆ. ಅದೇ ಆಗಿದ್ರೆ ಇಲ್ಲಿಂದ ಹೋದ ಮೇಲೂ ತಿಂಗಳುಗಟ್ಟಲೆ ಮಾತ್ರೆ ಕೊಡಬೇಕು, ಇಲ್ಲಾಂದ್ರೆ ತಿರುಗಿ ಬರ್ತದೆ. ಬೇರೆ ಆಗಿದ್ರೆ ಔಷಧವೂ ಬೇರೆ. ಇನ್ನೊಂದು ಪ್ರಶ್ನೆ, ನಿಮ್ಮ ಬಾಟಲಿಯದ್ದೇ ಆಗಿದ್ರೆ ಹಿಲ್ಲೂರಿನಲ್ಲಿ ಇನ್ನೂ ಎಷ್ಟು ಜನ ಅದರಲ್ಲಿ ಕೈ ಅದ್ದಿದ್ದಾರೆ?" ಎಂದರು.

"ಎಲ್ಲಾ ಬಾಟಲಿ ಇವತ್ತೇ ವಾಪಸ್ ತರಿಸ್ತೇನೆ," ಎಂದಷ್ಟೇ ಹೇಳಿದೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಹಮ್ಮು ಗೌಡರ ಹೆಂಡತಿ ಸೋಮಿ ಕೂತಿದ್ದರು. ಸಂಘದ ಸಭೆಗಳಲ್ಲಿ ಎಲ್ಲರಿಗಿಂತ ಮೊದಲು ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು. ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ, ಕೊರಳ ತುಂಬ ಮಣಿಸರ. ನನ್ನನ್ನು ನೋಡಿ ಎದ್ದು ನಿಂತರು, ಆದರೆ ಮುಖಕ್ಕೆ ಮುಖ ಕೊಡಲಿಲ್ಲ. ಸಿಟ್ಟು ಬಂದಿರಬೇಕೆಂದುಕೊಂಡೆ. ಬಯ್ದರೆ ಕೇಳಿಸಿಕೊಳ್ಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

"ಸೋಮಕ್ಕ, ಏನಾಗಿದೆ ಅಂತ ಗಟ್ಟಿಯಾಗಿ ತಿಳಿದುಕೊಳ್ಳೋ ತನಕ ನಾನು ಬಿಡುವುದಿಲ್ಲ," ಎಂದೆ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಆಗ್ಲಿ ಅಕ್ಕೋರೆ," ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ನಮ್ಮ ಕಡೆ ಶಾಲೆ-ಕಾಲೇಜಿನಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಆ ದಿನ ಆ ಕರೆ ನನಗೆ ಭಾರವಾಗಿ ಕೇಳಿಸಿತು.

ಅಂದೇ ರೋಹಿಣಿ ಹಿಲ್ಲೂರಿಗೆ ಹೋಗಿ ಸಂಘದ ಹೆಂಗಸರನ್ನು ಸೇರಿಸಿ ವಿಷಯ ತಿಳಿಸಿದಳು. ಮುಚ್ಚುಮರೆ ಮಾಡಬೇಡ, ನಮಗೆ ಇನ್ನೂ ಗೊತ್ತಿಲ್ಲ ಎಂದೇ ಹೇಳು ಎಂದಿದ್ದೆ. ಉಳಿದಿದ್ದ ಬಾಟಲಿಗಳೆಲ್ಲ ವಾಪಸ್ಸು ಬಂದವು. ಯಾರೂ ಜಗಳವಾಡಲಿಲ್ಲವಂತೆ. ಯಾರಿಗಾದರೂ ಜ್ವರ ಇದೆಯೇ ಎಂದು ಅವರೇ ಮನೆಮನೆಗೆ ಹೋಗಿ ವಿಚಾರಿಸಿದರಂತೆ. ಬೇರೆ ಯಾರಿಗೂ ಇರಲಿಲ್ಲ. ಅದು ಸಮಾಧಾನದ ಸುದ್ದಿಯೇ, ಆದರೆ ಉತ್ತರವಲ್ಲ. ಸೋಂಕು ಹಿಡಿಯುವುದು ದೇಹ ಸೋತಿದ್ದವರಿಗೇ ಮೊದಲು.

ನಮ್ಮ ಕೈಯಲ್ಲೇ ಆಗುವಂಥ ಒಂದು ಸಣ್ಣ ಪರೀಕ್ಷೆಯನ್ನು ತಕ್ಷಣ ಮಾಡಿದೆವು. ಸ್ಯೂಡೋಮ್ಯಾಲಿ ನಲವತ್ತೆರಡು ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಬೆಳೆಯಬಲ್ಲದು. ನಮ್ಮ ತಳಿಯನ್ನು ತಟ್ಟೆಗೆ ಹಾಕಿ ಅಷ್ಟು ಬಿಸಿಯ ಪೆಟ್ಟಿಗೆಯೊಳಗೆ ಇಟ್ಟೆವು. ಮರುದಿನ ಬಾಗಿಲು ತೆರೆದು ನೋಡಿದಾಗ ತಟ್ಟೆ ಖಾಲಿ. ಅದರ ಮರುದಿನವೂ ಖಾಲಿ. ಅದೇ ಬಿಸಿಯಲ್ಲಿಟ್ಟ ಆಸ್ಪತ್ರೆಯ ತಟ್ಟೆಯಲ್ಲಿ ಮಾತ್ರ ಸುಕ್ಕುಗಟ್ಟಿದ ಬಿಳಿಯ ಚುಕ್ಕಿಗಳು ಚೆನ್ನಾಗಿ ಬೆಳೆದಿವೆ ಎಂದು ಡಾಕ್ಟರ್ ಫೋನ್ ಮಾಡಿದರು. ರೋಹಿಣಿಯ ಮುಖ ಅರಳಿತು. ನಾನು ಅವಳನ್ನು ತಡೆದೆ. ಬೆಳೆಯಲಿಲ್ಲ ಎಂಬುದು ಸುಳಿವು ಮಾತ್ರ. ಅಷ್ಟನ್ನೇ ನಂಬಿ ಒಬ್ಬ ಮನುಷ್ಯನ ಚಿಕಿತ್ಸೆಯನ್ನೂ ಒಂದು ಊರಿನ ನಂಬಿಕೆಯನ್ನೂ ಪಣಕ್ಕಿಡಲಾಗದು. ಜೀನ್ ಓದಲೇಬೇಕಿತ್ತು.

ಅಪಾಯದ ಬ್ಯಾಕ್ಟೀರಿಯಾವನ್ನು ನಮ್ಮಂಥ ಸಣ್ಣ ಲ್ಯಾಬಿಗೆ ತರುವಂತಿಲ್ಲ. ಹಾಗಾಗಿ ಆಸ್ಪತ್ರೆಯಲ್ಲೇ, ಸುರಕ್ಷಿತ ಪೆಟ್ಟಿಗೆಯೊಳಗೆ ಅದನ್ನು ಕುದಿಸಿ ಕೊಂದು, ಸತ್ತ ಕೋಶಗಳಿಂದ ಡಿಎನ್‌ಎ ಮಾತ್ರ ತೆಗೆದುಕೊಟ್ಟರು. ಕೊರೊನಾ ಸಮಯದಲ್ಲಿ ಅಲ್ಲಿನ ಹುಡುಗಿಯರು ಈ ಕೆಲಸದಲ್ಲಿ ಎಷ್ಟು ಪಳಗಿದ್ದರೆಂದರೆ, ನಾವು ಹೇಳಿಕೊಡುವಂಥದ್ದೇನೂ ಉಳಿದಿರಲಿಲ್ಲ. ನಮ್ಮ ತಳಿಯ ಡಿಎನ್‌ಎಯನ್ನು ನಾವು ತೆಗೆದೆವು. ಎರಡು ಪುಟ್ಟ ಕೊಳವೆಗಳು, ಎರಡರಲ್ಲೂ ನೀರಿನಂಥ ಒಂದೆರಡು ಹನಿ. ಎದುರಿಗೆ ಹಿಡಿದರೆ ಯಾವ ವ್ಯತ್ಯಾಸವೂ ಕಾಣದು.

ಅಷ್ಟರಲ್ಲಿ ಘಟ್ಟದ ದಾರಿಯಲ್ಲಿ ಗುಡ್ಡ ಕುಸಿದು ಬೆಂಗಳೂರಿನ ಕಡೆಯ ಬಸ್ಸುಗಳೆಲ್ಲ ಸುತ್ತು ಹಾಕಿ ಹೋಗುತ್ತಿದ್ದವು. ನಾವು ಯಾವಾಗಲೂ ಮಾದರಿ ಕಳಿಸುತ್ತಿದ್ದ ಲ್ಯಾಬು ಅಲ್ಲಿತ್ತು, ಅಲ್ಲಿ ಸರದಿಯೂ ಉದ್ದವಿತ್ತು. ಆಗ ನೆನಪಾದವಳು ಮರಿಯಾ. ಓದುವ ದಿನಗಳಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು, ಈಗ ಗೋವಾದ ಒಂದು ಪ್ರಯೋಗಾಲಯದಲ್ಲಿ ಜೀನ್ ಓದುವ ಯಂತ್ರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ವರ್ಷಗಳಿಂದ ಹಬ್ಬದ ಶುಭಾಶಯ ಬಿಟ್ಟರೆ ಮಾತುಕತೆ ಇರಲಿಲ್ಲ. ಫೋನ್ ಮಾಡಿ ಅರ್ಧ ಹೇಳುವಷ್ಟರಲ್ಲಿ ಅವಳು, "ತೂಂ ಯೋ ಗೋ, ಹಾಂವ ಆಸಾ," ಎಂದಳು. ನೀನು ಬಾರೇ, ನಾನಿದ್ದೇನೆ ಎಂದು. ಮನೆಮಾತು ಕೊಂಕಣಿಯಾದ ನನಗೆ ಆ ಐದು ಶಬ್ದಗಳಿಂದ ಬಂದ ಬಲ ಬೇರೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲವೋ ಏನೋ.

ಕಾಳಿ ಸೇತುವೆ ದಾಟಿ ನಾನೂ ರೋಹಿಣಿಯೂ ಗೋವಾಕ್ಕೆ ಹೋದೆವು. ಅದು ರಜೆಯ ದಿನ. ಚರ್ಚಿಗೆ ಹೋಗಿ ಬಂದ ಉಡುಪಿನಲ್ಲೇ ಮರಿಯಾ ಲ್ಯಾಬಿನ ಬಾಗಿಲು ತೆರೆದಳು. ಎರಡು ಜೀನ್ ಓದಿಸುವುದೆಂದು ನಿರ್ಧರಿಸಿದೆವು. 16ಎಸ್ ಒಂದು. ಇನ್ನೊಂದು ರೆಕ್‌ಎ, ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳಲು ಬಳಸುವ ಜೀನ್. ಹತ್ತಿರದ ಸಂಬಂಧಿಗಳಲ್ಲೂ ಅದು ಬೇರೆ ಬೇರೆಯಾಗಿರುತ್ತದೆ, ಆದ್ದರಿಂದ 16ಎಸ್ ಕೈಕೊಟ್ಟಲ್ಲಿ ಅದು ನೆರವಿಗೆ ಬರುತ್ತದೆ. ಯಂತ್ರ ತನ್ನ ಪಾಡಿಗೆ ಓಡಿತು. ನಾವು ಮರಿಯಾಳ ಮನೆಯಲ್ಲಿ ಉಳಿದೆವು. ಅವಳ ತಾಯಿ ಬಡಿಸಿದ ಮೀನುಸಾರು ಅನ್ನವನ್ನು ಉಂಡೆ, ರುಚಿ ಮಾತ್ರ ನೆನಪಿಲ್ಲ.

ಮರುದಿನ ಪರದೆಯ ಮೇಲೆ ಅಕ್ಷರಗಳ ಸಾಲುಗಳು ಮೂಡಿದವು. ಡಿಎನ್‌ಎಯ ಭಾಷೆಯಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಮೇಲಿನ ಸಾಲು ಆಸ್ಪತ್ರೆಯದು, ಕೆಳಗಿನದು ನಮ್ಮ ಬಾಟಲಿಯದು. ಎರಡೂ ಒಂದೇ ಆದ ಕಡೆ ಬೂದು ಬಣ್ಣ, ಬೇರೆಯಾದ ಕಡೆ ಕೆಂಪು. ರೋಹಿಣಿ ಸಾಲನ್ನು ಮೆಲ್ಲಗೆ ಸರಿಸುತ್ತ ಹೋದಳು. ಬೂದು, ಬೂದು, ಬೂದು. ಆಮೇಲೆ ಒಂದು ಕೆಂಪು. ಮತ್ತೊಂದು. ಮುಂದೆ ಗುಂಪುಗುಂಪಾಗಿ ಕೆಂಪು. ಪ್ರಪಂಚದ ಬೇರೆ ಬೇರೆ ಕಡೆಯ ಸಂಬಂಧಿ ಬ್ಯಾಕ್ಟೀರಿಯಾಗಳ ಜೀನ್‌ಗಳ ಜೊತೆ ಇವೆರಡನ್ನೂ ಸೇರಿಸಿ ವಂಶವೃಕ್ಷ ಬಿಡಿಸಿದಾಗ, ಹಿಲ್ಲೂರಿನ ತಳಿ ಪ್ಯಾರಾಬರ್ಖೋಲ್ಡೇರಿಯಾಗಳ ನಡುವೆ ಹೋಗಿ ಕೂತಿತು. ಆಸ್ಪತ್ರೆಯದ್ದು ದೂರದ ಇನ್ನೊಂದು ಕೊಂಬೆಯಲ್ಲಿತ್ತು. 16ಎಸ್ ಅದನ್ನು ಸ್ಯೂಡೋಮ್ಯಾಲಿ ಮತ್ತು ಅದರ ಒಡಹುಟ್ಟಿದವುಗಳ ಗುಂಪಿನವರೆಗೆ ತಂದು ನಿಲ್ಲಿಸಿತ್ತು. ರೆಕ್‌ಎ ಅನುಮಾನ ಉಳಿಸಲಿಲ್ಲ. ಅದು ಸ್ಯೂಡೋಮ್ಯಾಲಿಯೇ.

"ನಮ್ದಲ್ಲ ಮೇಡಂ, ನಮ್ದಲ್ಲ!" ಎಂದು ರೋಹಿಣಿ ನನ್ನ ತೋಳು ಹಿಡಿದುಕೊಂಡಳು. ನನಗೂ ಕಣ್ಣು ತುಂಬಿ ಬಂತು. ಆದರೆ ಆ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮದಲ್ಲ ಎಂಬುದರ ಅರ್ಥ, ಹಮ್ಮು ಗೌಡರ ರಕ್ತದಲ್ಲಿರುವುದು ಆ ಕುಲದಲ್ಲೇ ಅತಿ ಕೆಟ್ಟದ್ದು ಎಂದು. ಮರಿಯಾ ಫೋನನ್ನು ನನ್ನ ಕೈಗಿಟ್ಟಳು. ಅಲ್ಲಿಂದಲೇ ಡಾಕ್ಟರ್ ಪ್ರಸನ್ನರಿಗೆ ತಿಳಿಸಿದೆ.

"ಬಹಳ ಉಪಕಾರ ಆಯ್ತು ಮೇಡಂ. ಇನ್ನು ನಾನು ಕತ್ತಲೆಯಲ್ಲಿ ಗುದ್ದಾಡಬೇಕಿಲ್ಲ. ಯಾರ ಜೊತೆ ಜಗಳ ಅಂತ ಗೊತ್ತಾಯ್ತು," ಎಂದರು ಅವರು. ಇಂಜೆಕ್ಷನ್ ಬದಲಿಸದೆ ಮುಂದುವರಿಸಿದರು, ಲಿವರಿನ ಕೀವನ್ನು ಸೂಜಿಯಿಂದ ತೆಗೆಸಿದರು. ಯಾವ ಮಾತ್ರೆಯನ್ನು ಎಷ್ಟು ತಿಂಗಳು ಕೊಡಬೇಕೆಂಬುದನ್ನೂ ಅಂದೇ ನಿಶ್ಚಯಿಸಿದರು.

ಕಾರವಾರಕ್ಕೆ ಮರಳಿ ನೇರ ಆಸ್ಪತ್ರೆಗೆ ಹೋದೆವು. ಸೋಮಿ ಅದೇ ಬೆಂಚಿನ ಮೇಲಿದ್ದರು. ನಾನು ಪಕ್ಕದಲ್ಲಿ ಕೂತು, ಆದಷ್ಟು ಸರಳವಾಗಿ ಹೇಳಿದೆ. ಬಾಟಲಿಯಲ್ಲಿದ್ದದ್ದು ಒಂದು ಜೀವ, ನಿಮ್ಮ ಯಜಮಾನರ ಮೈಯಲ್ಲಿರುವುದು ಇನ್ನೊಂದು. ಎರಡಕ್ಕೂ ಹಿಂದೆ ಒಂದೇ ಹೆಸರಿತ್ತು, ಅಷ್ಟೇ. ಇದು ನೆರೆನೀರಿನ ಕೆಸರಿನಿಂದ ಬಂದಿರಬೇಕು, ಕಾಲಿನ ಬಿರುಕಿನಿಂದ ಒಳಗೆ ಹೋಗಿರಬೇಕು.

ಸೋಮಿ ನನ್ನನ್ನೇ ದಿಟ್ಟಿಸಿ ನೋಡಿದರು. "ಹಂಗಾರೆ ನಾ ಕಲಸಿ ಕೊಟ್ಟ ನೀರಿಂದ ಅಲ್ವೇನ್ರಾ ಅಕ್ಕೋರೆ?"

"ಅಲ್ಲ ಸೋಮಕ್ಕ. ಖಂಡಿತ ಅಲ್ಲ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಇಷ್ಟು ದಿನ ಅವರು ಮಾತಾಡದೆ ಇದ್ದದ್ದು ನನ್ನ ಮೇಲಿನ ಸಿಟ್ಟಿನಿಂದ ಅಲ್ಲವೆಂದು ನನಗೆ ಅರ್ಥವಾದದ್ದು ಆಗ. "ಅವ್ರು ಬೇಡ ಅಂದಿದ್ರು. ನಮ್ಮಪ್ಪನ ಕಾಲದಿಂದ ಇಲ್ಲದ್ದು ಈಗ ಎಂತಕ್ಕೆ ಅಂದಿದ್ರು. ನಾನೇ ಹಟ ಮಾಡಿ ಬಾಟ್ಲಿ ತಂದೆ. ನಾನೇ ಬಕೆಟ್ಟಲ್ಲಿ ಕಲಸ್ದೆ, ನಾನೇ ಅಗೆ ಅದ್ದಿ ಅವ್ರ ಕೈಗೆ ಕೊಟ್ಟೆ," ಎಂದರು. "ಇಲ್ಲಿ ಕೂತ್ಕಂಡು ದಿನಾ ಅದೇ. ನನ್ನ ಕೈಯಾರೆ ಗಂಡಗೆ ವಿಷ ಕೊಟ್ನಲ್ಲ ಹೇಳಿ. ಯಾರ್ ಹತ್ರ ಹೇಳೂದು?"

ರೋಹಿಣಿ ಅವರ ಇನ್ನೊಂದು ಪಕ್ಕಕ್ಕೆ ಕೂತು ಬೆನ್ನು ಸವರಿದಳು. ನನ್ನ ತಳಿ, ನನ್ನ ಕಾಲೇಜು, ನನ್ನ ಕೆಲಸ ಎಂದು ಒದ್ದಾಡುತ್ತಿದ್ದ ನನಗೆ, ಈ ಹೆಂಗಸು ಹೊತ್ತಿದ್ದ ಭಾರದ ಮುಂದೆ ಅದೆಲ್ಲ ಹಗುರವೆನಿಸಿತು. ಜೀನಿನ ಆ ಕೆಂಪು ಅಕ್ಷರಗಳು ಬಿಡಿಸಿಕೊಟ್ಟದ್ದು ಬರೀ ವೈದ್ಯರ ಗೊಂದಲವನ್ನಲ್ಲ.

ಮಳೆ ಕಡಿಮೆಯಾದ ಮೇಲೆ ಹಿಲ್ಲೂರಿಗೆ ಹೋದೆವು. ಸೋಂಕು ಎಲ್ಲಿಂದ ಬಂತೆಂದು ನೋಡದೆ ಬಿಡುವಂತಿರಲಿಲ್ಲ. ಗಂಡನನ್ನು ನೋಡಿಕೊಳ್ಳಲು ತಂಗಿಯನ್ನು ಬಿಟ್ಟು ಸೋಮಿ ತಾವೇ ಬಂದು ಗದ್ದೆ ತೋರಿಸಿದರು. ಗಂಬೂಟು, ಕೈಗವಸು ಹಾಕಿಕೊಂಡು ಬೇರೆ ಬೇರೆ ಮೂಲೆಯಿಂದ, ಬೇರೆ ಬೇರೆ ಆಳದಿಂದ ಮಣ್ಣು ತೆಗೆದೆವು. ಅದರಲ್ಲಿ ಯಾವುದನ್ನೂ ಬೆಳೆಸಲು ಹೋಗಲಿಲ್ಲ. ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು, ಸ್ಯೂಡೋಮ್ಯಾಲಿಯಲ್ಲಿ ಮಾತ್ರ ಇರುವ ಜೀನಿನ ತುಣುಕಿಗಾಗಿ ಹುಡುಕಿದೆವು. ಗಂಗಾವಳಿಯ ನೆರೆ ನಿಂತಿದ್ದ ತಗ್ಗಿನ ಮೂಲೆಯ ಮಣ್ಣಿನಲ್ಲಿ ಅದು ಸಿಕ್ಕಿತು. ಬಾಟಲಿಯ ದ್ರಾವಣವನ್ನೇ ಹಾಕದಿದ್ದ ಪಕ್ಕದ ಗದ್ದೆಯಲ್ಲೂ ಸಿಕ್ಕಿತು.

ಈ ಸುದ್ದಿಯನ್ನು ಊರಿಗೆ ಹೇಗೆ ಹೇಳುವುದೆಂದು ನಾನೂ ಡಾಕ್ಟರ್ ಪ್ರಸನ್ನರೂ ಬಹಳ ಯೋಚಿಸಿದೆವು. ಗದ್ದೆಮಣ್ಣಿನಲ್ಲಿ ಕೊಲ್ಲುವ ಜೀವಿಯಿದೆ ಎಂದರೆ ಜನ ಹೆದರಿ ಬೇಸಾಯ ಬಿಡಬೇಕೇ? ಕೊನೆಗೆ ಅವರು ಸಂಘದ ಹೆಂಗಸರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು. ಇದು ಮೊದಲಿನಿಂದಲೂ ಇದ್ದಿರಬಹುದು, ಎಲ್ಲರಿಗೂ ಬರುವುದಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದು ತೀರ ಅಪರೂಪ. ಕಾಲಿಗೆ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ, ಇಳಿಯಲೇಬೇಕಾದರೆ ಗಂಬೂಟು ಹಾಕಿ, ಸಕ್ಕರೆ ಕಾಯಿಲೆ ಇದ್ದವರು ಹೆಚ್ಚು ಜೋಪಾನ. ಮಳೆಗಾಲದ ಜ್ವರ ಬಿಡದಿದ್ದರೆ ತಡಮಾಡದೆ ಬನ್ನಿ.

ಹಿಂದೆ ಕೂತಿದ್ದ ಒಬ್ಬ ಅಜ್ಜಿ, "ಗಂಬೂಟ್ ಹಾಕ್ಕಂಡ್ರೆ ಕೆಸ್ರಲ್ಲಿ ಕಾಲು ಕಿತ್ತು ಬರೂದಿಲ್ವಲ್ರಾ ಡಾಕ್ಟ್ರೆ," ಎಂದರು. ಎಲ್ಲರೂ ನಕ್ಕರು. ಡಾಕ್ಟರೂ ನಕ್ಕು, ಗಾಯಕ್ಕಾದರೂ ನೀರು ಹೋಗದ ಪಟ್ಟಿ ಹಾಕಿಕೊಳ್ಳಿ ಎಂದು ಅಲ್ಲೇ ಕಟ್ಟಿ ತೋರಿಸಿದರು. ಮುಂದೆ ಊರವರು ಹೆಚ್ಚು ಅನುಸರಿಸಿದ್ದು ಅದನ್ನೇ.

ನಮ್ಮ ತಳಿಯ ಇಡೀ ಜೀನೋಮನ್ನು, ಅಂದರೆ ಅದರ ಡಿಎನ್‌ಎಯನ್ನು ಮೊದಲಿನಿಂದ ಕೊನೆಯವರೆಗೆ, ಓದಿಸುವ ಕೆಲಸವನ್ನು ಮರಿಯಾಳ ನೆರವಿನಿಂದಲೇ ಮುಗಿಸಿದೆವು. ಎರಡು ಜೀನೋಮ್‌ಗಳು ನೂರಕ್ಕೆ ತೊಂಬತ್ತೈದರಷ್ಟಾದರೂ ಹೋಲದಿದ್ದರೆ ಅವನ್ನು ಒಂದೇ ಪ್ರಭೇದ ಎನ್ನುವಂತಿಲ್ಲವೆಂಬುದು ನಮ್ಮ ಕ್ಷೇತ್ರದ ರೂಢಿ. ಸ್ಯೂಡೋಮ್ಯಾಲಿಗೂ ನಮ್ಮದಕ್ಕೂ ಆ ಗೆರೆಯ ಹತ್ತಿರವೂ ಹೋಲಿಕೆ ಇರಲಿಲ್ಲ. ರೋಗ ತರಲು ಬೇಕಾದ ಜೀನ್‌ಗಳಿಗಾಗಿ ಹುಡುಕಿದಾಗ ಅವೂ ಸಿಗಲಿಲ್ಲ. ಅಷ್ಟಾದ ಮೇಲೆ ತಳಿಗೆ ಹೊಸ ಹೆಸರು ಬರೆದೆವು. ಮುಂದಿನ ನಾಟಿಗೆ ಬಾಟಲಿ ಬೇಕೇ ಎಂದು ಕೇಳಲು ನನಗೆ ಬಾಯಿಯೇ ಬರಲಿಲ್ಲ. ಸಂಘದವರೇ ಕೇಳಿಕೊಂಡು ಬಂದರು, ಮುಂದಾಳಾಗಿ ಸೋಮಿ.

ಅವರು ಹೊಸ ಬಾಟಲಿಯನ್ನು ತಿರುಗಿಸಿ ನೋಡಿ, "ಹೆಸ್ರು ಉದ್ದ ಆಯ್ತಲ್ರಾ ಅಕ್ಕೋರೆ. ಮುಂದೆ ಎಂತದೋ ಸೇರಿದೆ," ಎಂದರು.

ಪ್ಯಾರಾ ಎಂದರೆ ಪಕ್ಕದ್ದು ಎಂದರ್ಥ ಎಂದು ಹೇಳಿದೆ.

"ಹಾಂ, ಬಾಜೂ ಮನೇದು ಅಂದಂಗಾಯ್ತು! ಅದ್ನ ಮೊದ್ಲೇ ಬರೆದಿದ್ರೆ ನಾ ಅಷ್ಟು ಅಳೂದೇ ತಪ್ತಿತ್ತು," ಎಂದು ನಕ್ಕರು. ಸಂಘದ ಸಭೆಗಳಲ್ಲಿ ಕೇಳುತ್ತಿದ್ದ ಹಳೆಯ ನಗು ಮರಳಿತ್ತು. ಬಹಳ ದಿನಗಳ ಮೇಲೆ ನಾನೂ ಮನಸಾರೆ ನಕ್ಕೆ.

ಹಮ್ಮು ಗೌಡರು ಚೇತರಿಸಿಕೊಳ್ಳುವುದು ನಿಧಾನವಾಯಿತು. ಮೈ ಅರ್ಧಕ್ಕೆ ಇಳಿದಿತ್ತು. ತಿಂಗಳುಗಟ್ಟಲೆ ಮಾತ್ರೆ ನುಂಗುವುದು ಅವರಿಗೆ ಬೇಸರವೆನಿಸಿ, ಹುಷಾರಾದೆನಲ್ಲ, ಇನ್ನೆಂತಕ್ಕೆ ಎಂದು ಜಗಳ ಮಾಡುತ್ತಿದ್ದರಂತೆ. ಸೋಮಿ ಒಂದು ಹೊತ್ತೂ ತಪ್ಪಿಸಲು ಬಿಡಲಿಲ್ಲ. ಮಾತ್ರೆ ಮುಗಿದ ಮೇಲೆ ಇಬ್ಬರೂ ತಮ್ಮ ಹಿತ್ತಲ ಬಸಳೆ, ಬದನೆ ಹೊತ್ತುಕೊಂಡು ಕಾಲೇಜಿಗೆ ಬಂದರು. ಹಮ್ಮು ಗೌಡರನ್ನು ನಾನು ನಿಂತ ಸ್ಥಿತಿಯಲ್ಲಿ ನೋಡಿದ್ದು ಅದೇ ಮೊದಲು. ಎತ್ತರದ, ಮಿತಭಾಷಿ ಮನುಷ್ಯ. ಹೊರಡುವ ಹೊತ್ತಿಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

"ನಂಗೆ ಬಂದಿದ್ದ ಕಾಯಿಲೆ ಹೆಸ್ರು ಎಂತ ಅಕ್ಕೋರೆ? ಡಾಕ್ಟ್ರು ಹೇಳಿದ್ರು, ನಾಲಿಗೆ ಮೇಲೆ ನಿಲ್ಲೂದಿಲ್ಲ."

ಮೆಲಿಯಾಯ್ಡೋಸಿಸ್ ಎಂದೆ. ಅವರು ಮೆಲ್ಲನೆ ಹೇಳಿದರು. ತಪ್ಪಿತು. ಮತ್ತೆ ಹೇಳಿದರು. ಮೆಟ್ಟಿಲಿಳಿಯುವಾಗಲೂ ಅದನ್ನೇ ಗುನುಗುತ್ತ ಹೋದರು.

ಮರುವರ್ಷದ ಮಳೆಗಾಲಕ್ಕೆ ನಾನು ನಿವೃತ್ತಳಾಗಿ ಅಮದಳ್ಳಿಯ ಮನೆಯಲ್ಲಿದ್ದೆ. ಒಂದು ದಿನ ಡಾಕ್ಟರ್ ಪ್ರಸನ್ನ ಫೋನ್ ಮಾಡಿದರು. ಹಿಲ್ಲೂರಿನ ಆಚೆ ದಡದ ಊರಿನಿಂದ ಒಬ್ಬ ಕೂಲಿ ಕೆಲಸದವನು ಜ್ವರದಿಂದ ಆಸ್ಪತ್ರೆಗೆ ಬಂದಿದ್ದಾನೆ. ಎಳೆಯ ವಯಸ್ಸು, ಮನೆಯಲ್ಲಿ ಹಸುಗೂಸು. ಮಾಮೂಲಿ ಜ್ವರವೆಂದು ಅಲ್ಲೇ ಮಾತ್ರೆ ತಿಂದುಕೊಂಡು ಇದ್ದನಂತೆ. ದೂರದ ಸಂಬಂಧಿಯಾದ ಹಮ್ಮು ಗೌಡರು ನೋಡಲು ಹೋದವರು, ಅವನ ಕಾಲಿನ ಗಾಯ ನೋಡಿ, ಮನೆಯವರು ಬೇಡವೆಂದರೂ ಕೇಳದೆ, ರಿಕ್ಷಾ ಮಾಡಿಸಿ ಕಾರವಾರಕ್ಕೆ ಕರೆತಂದಿದ್ದರು. ಆ ದಿನ ವಾರ್ಡಿನಲ್ಲಿ ಇದ್ದದ್ದು ಹೊಸದಾಗಿ ಸೇರಿದ ಇನ್ನೊಬ್ಬ ವೈದ್ಯರು.

"ಅವರ ಮುಂದೆ ನಿಂತು ಹಮ್ಮಣ್ಣ ಏನು ಹೇಳಿದ್ರು ಗೊತ್ತಾ ಮೇಡಂ? 'ಇವ್ನಿಗೆ ಮೆಲಿಯಾಯ್ಡೋಸಿಸ್ ಇದ್ರೂ ಇರ್ಬಹುದು, ರಕ್ತ ನೋಡಿ ಒಡ್ಯಾ' ಅಂದ್ರು. ಹೆಸರು ಒಂದಕ್ಷರ ತಪ್ಪಿರಲಿಲ್ಲ. ಆ ಹೊಸ ಡಾಕ್ಟರು ಆಗಲೇ ನಂಗೆ ಫೋನ್ ಮಾಡಿದ್ರು. ಅದೇ ಆಗಿತ್ತು. ಬೇಗ ಸಿಕ್ಕಿದ್ದಕ್ಕೆ ಹುಡುಗ ಉಳಿದ."

ಬ್ಯಾಕ್ಟೀರಿಯಾಗಳಿಗೆ ಹೆಸರಿಡುವುದರಲ್ಲಿ, ಇಟ್ಟ ಹೆಸರನ್ನು ತಿದ್ದುವುದರಲ್ಲಿ ನನ್ನ ವೃತ್ತಿಜೀವನ ಕಳೆಯಿತು. ಅದು ವಿಜ್ಞಾನಿಗಳು ತ‌ಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತೆಂದು ಒಮ್ಮೊಮ್ಮೆ ನನಗೂ ಅನಿಸಿದ್ದುಂಟು. ಸರಿಯಾದ ಹೆಸರು ಯಾರಿಗೆ ಬೇಕೋ ಅವರ ಬಾಯಿಗೆ ಸೇರುವವರೆಗೂ ನಮ್ಮ ಕೆಲಸ ಮುಗಿಯುವುದಿಲ್ಲ ಎಂಬುದನ್ನು ನನಗೆ ಕಲಿಸಿದ್ದು ಆ ಒಂದು ಮಳೆಗಾಲ. ದೂಷಿಸದೆ ಕರೆದ ವೈದ್ಯರು, ರಜೆಯ ದಿನ ಬಾಗಿಲು ತೆರೆದ ಗೆಳತಿ, ನನಗಿಂತ ಮೊದಲು ಹಿಲ್ಲೂರಿಗೆ ಓಡಿದ ರೋಹಿಣಿ, ತನ್ನ ನೋವು ನುಂಗಿಕೊಂಡು ಗದ್ದೆ ತೋರಿಸಿದ ಸೋಮಿ, ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಆ ಪಾಠ ನನ್ನ ಪಾಲಿಗೆ ಬರುತ್ತಿರಲಿಲ್ಲ. ಆಚೆ ದಡದ ಆ ಹುಡುಗನನ್ನು ನಾನು ಈವರೆಗೆ ಕಂಡಿಲ್ಲ. ಅವನ ಮಗು ಈಗ ನಡೆಯಲು ಕಲಿತಿದೆಯಂತೆ.